ದೇವನಹಳ್ಳಿಯ 6,000 ಲೀಟರ್ ಲೆಕ್ಕ

ದೇವನಹಳ್ಳಿಯ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾದದ್ದು 2015ರಲ್ಲಿ. ಅಲ್ಲಿಯವರೆಗೆ ಮನೆಯ ಪಿಟ್ ತುಂಬಿದರೆ ಲಾರಿ ಬಂದು ಹೀರಿಕೊಂಡು ಹೋಗಿ ಹೊಲಕ್ಕೋ ಹಳ್ಳಕ್ಕೋ ಸುರಿಯುತ್ತಿತ್ತು. ಆ ಲಾರಿಗೆ ಸರಿಯಾದ ಜಾಗ ತೋರಿಸಿದ ಈ ಘಟಕ, ಪಟ್ಟಣದ ಮಟ್ಟದಲ್ಲಿ ದೇಶಕ್ಕೇ ಮೊದಲನೆಯದು. ಸಾಮರ್ಥ್ಯ ದಿನಕ್ಕೆ 6,000 ಲೀಟರ್, ಖರ್ಚು ಸುಮಾರು 90 ಲಕ್ಷ ರೂಪಾಯಿ. 2011ರ ಜನಗಣತಿಯಂತೆ ಊರಿನ ಜನ ಸುಮಾರು 28,000. ತಲೆಗೆ ಹಂಚಿದರೆ 320 ರೂಪಾಯಿ ಚಿಲ್ಲರೆ. ಊರಿಗೆಲ್ಲ ಒಳಚರಂಡಿ (ಯುಜಿಡಿ) ಹಾಸಲು ಕೋಟಿಗಟ್ಟಲೆ ಸುರಿಯಬೇಕಾದ ಕಡೆ, ಇದು ಯಾವ ಪುರಸಭೆಗೂ ಎಟುಕುವ ಹಣ.

ಘಟಕ ಕರೆಂಟಿನ ಮೇಲೆ ಹೆಚ್ಚು ನೆಚ್ಚಿಕೊಂಡಿಲ್ಲ, ಇಳಿಜಾರಿನಲ್ಲೇ ಬಹುಪಾಲು ಕೆಲಸ ನಡೆಯುತ್ತದೆ. ಲಾರಿಯ ಪೈಪಿನಿಂದ ಬಿದ್ದದ್ದು ಮೊದಲು ಜಾಲರಿಗೆ ಬರುತ್ತದೆ. ಚಿಂದಿ ಬಟ್ಟೆ, ಪ್ಲಾಸ್ಟಿಕ್, ಪಿಟ್‌ಗೆ ಸೇರಬಾರದ್ದೆಲ್ಲ ಅಲ್ಲೇ ನಿಲ್ಲುತ್ತದೆ. ಉಳಿದದ್ದು ತೊಟ್ಟಿಗಳಲ್ಲಿ ಕೊಳೆತು, ಮರಳು-ಜಲ್ಲಿಯ ಮಡಿಗಳ ಮೇಲೆ ಹರಡಿಕೊಂಡು ಒಣಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಹಾಸಿನೊಳಗೆ ಹಾದು ತಿಳಿಯಾಗುತ್ತದೆ. ಒಣಗಿದ ಹೆಂಟೆಯನ್ನು ಹಾಗೇ ಹೊಲಕ್ಕೆ ಕೊಡುವಂತಿಲ್ಲ. ಜಂತುಹುಳುವಿನ ಮೊಟ್ಟೆ ಬರೀ ಒಣಗಿದ್ದಕ್ಕೆ ಸಾಯುವುದಿಲ್ಲ, ಕಾವು ಬೇಕು. ಅದಕ್ಕೇ ಊರಿನ ಹಸಿ ಕಸದ ಜೊತೆ ಸೇರಿಸಿ ಕಾಂಪೋಸ್ಟ್ ಮಾಡುತ್ತಾರೆ. ಈ ಒಂದು ಹಂತವನ್ನು ಉಳಿತಾಯದ ಹೆಸರಲ್ಲಿ ಯಾವ ಪುರಸಭೆಯೂ ಬಿಡಬಾರದು.

ಈಗ ಪ್ರಮಾಣಕ್ಕೆ ಬರೋಣ. ಮನೆಗೆ ನಾಲ್ಕೂವರೆ ಜನ ಎಂದರೆ 28,000 ಜನಕ್ಕೆ ಸುಮಾರು 6,200 ಮನೆ. ಪ್ರತಿ ಮನೆಯಿಂದ 3,000 ಲೀಟರ್ ತೆಗೆಯಬೇಕು, ಮೂರು ವರ್ಷಕ್ಕೊಮ್ಮೆ ತೆಗೆಯಬೇಕು ಎಂದಿಟ್ಟುಕೊಳ್ಳಿ. ಮನೆಗೆ ಒಂದು ಲೋಡು ಎಂದರೆ ವರ್ಷಕ್ಕೆ ಸುಮಾರು 2,070 ಲೋಡು. 300 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಏಳು ಲೋಡು, ಅಂದರೆ 21,000 ಲೀಟರ್. ಘಟಕ ತಡೆದುಕೊಳ್ಳುವುದು ಎರಡು ಲೋಡು ಮಾತ್ರ. ಆ ವೇಗದಲ್ಲಿ ಹೋದರೆ ಒಂದು ಮನೆಯ ಸರದಿ ಮತ್ತೆ ಬರಲು ಹತ್ತು ವರ್ಷದ ಮೇಲಾಗುತ್ತದೆ. ಎಲ್ಲ ಪಿಟ್‌ಗಳೂ ಒಂದೇ ಅಳತೆಯವಲ್ಲ, ನೀರು ಇಂಗುವ ಗುಂಡಿಗಳಲ್ಲಿ ಹೂಳು ಕಡಿಮೆ, ನಿಜ. ಅಂದಾಜನ್ನು ಅರ್ಧಕ್ಕಿಳಿಸಿದರೂ 6,000 ಸಾಲದು. ತುಂಬಿ ಉಕ್ಕಿದಾಗ ಮಾತ್ರ ಲಾರಿ ಕರೆಯುವ ನಮ್ಮ ರೂಢಿಗೆ ಈ ಸಾಮರ್ಥ್ಯ ಹೊಂದುತ್ತದೆ, ಅಂತರ್ಜಲವನ್ನು ಕಾಪಾಡುವ ವೇಳಾಪಟ್ಟಿಗೆ ಹೊಂದುವುದಿಲ್ಲ.

ಅಂಥ ವೇಳಾಪಟ್ಟಿಯನ್ನು ನಡೆಸಿ ತೋರಿಸಿದ ಮಹಾರಾಷ್ಟ್ರದ ವಾಯಿ ಪಟ್ಟಣ ಕೃಷ್ಣೆಯ ದಂಡೆಯಲ್ಲಿದೆ. ಅಲ್ಲಿ ನದಿಗೆ ಸೇರದೆ ಉಳಿದದ್ದು ಕೆಳಗಿರುವ ನಮಗೂ ಲಾಭವೇ. ಜನಸಂಖ್ಯೆ 2011ರಲ್ಲಿ ಸುಮಾರು 36,000. ಅಲ್ಲಿನ ಘಟಕದ ಸಾಮರ್ಥ್ಯ ದಿನಕ್ಕೆ 70,000 ಲೀಟರ್. ಮನೆಯವರು ಕರೆಯಲಿ ಬಿಡಲಿ, ಮೂರು ವರ್ಷಕ್ಕೊಮ್ಮೆ ಲಾರಿ ಬರುವ ಸರದಿ ಪದ್ಧತಿಯನ್ನು ಅವರು ಜಾರಿಗೆ ತಂದರು. ಹಣ ಬರುವುದು ತೆರಿಗೆಯಿಂದ, ಲಾರಿ ಬಂದ ದಿನ ಬಾಡಿಗೆ ಎಂದು ಯಾರೂ ಕೈಚಾಚುವುದಿಲ್ಲ.

ನಮ್ಮ ಪುರಸಭೆಗಳೂ ಇದನ್ನು ಮಾಡಬಹುದು. ಒಂದು ಲೋಡಿಗೆ 1,500 ರೂಪಾಯಿ ಖರ್ಚು ಎಂದು ಹಿಡಿದರೆ ಮನೆಗೆ ವರ್ಷಕ್ಕೆ 500, ತಿಂಗಳಿಗೆ 42 ರೂಪಾಯಿ. ನೀರಿನ ಬಿಲ್ಲಿನಲ್ಲೇ ಸೇರಿಸಿದರೆ ಬಡವರ ಮನೆಗೂ ಭಾರವಾಗದು. ದೇವನಹಳ್ಳಿಯಷ್ಟು ದೊಡ್ಡ ಊರಿಗೆ ವರ್ಷಕ್ಕೆ 31 ಲಕ್ಷ ಖಚಿತ ವರಮಾನ. ದೇವನಹಳ್ಳಿಯ 2015ರ ದರದಲ್ಲೇ 21,000 ಲೀಟರಿನ ಘಟಕ ಕಟ್ಟಿದರೆ 3 ಕೋಟಿ 15 ಲಕ್ಷ, ಅಂದರೆ ಮನೆಗೆ ಸುಮಾರು 5,100. ಒಂದು ಪಿಟ್ ತೋಡಿಸಿ ರಿಂಗ್ ಇಳಿಸುವ ಯಾರಿಗೂ ಈ ಮೊತ್ತ ದೊಡ್ಡದೆನಿಸದು.

ಲಾರಿಯ ವಿಷಯವೊಂದು ಉಳಿಯಿತು. ಒಂದು ಲಾರಿ ದಿನಕ್ಕೆ ನಾಲ್ಕು ಟ್ರಿಪ್ ಹೊಡೆದರೆ ಏಳು ಲೋಡಿಗೆ ಎರಡು ಲಾರಿ ಬೇಕು, ಕೆಟ್ಟು ನಿಂತರೆ ಮೂರನೆಯದು. ದೇವನಹಳ್ಳಿಯ ಕೋಟೆಯೊಳಗಿನ ಓಣಿಗಳಂಥ ಕಡೆ ದೊಡ್ಡ ಲಾರಿ ತಿರುಗುವುದೇ ಕಷ್ಟ. ಆ ಮೂರರಲ್ಲಿ ಒಂದಾದರೂ ಚಿಕ್ಕ ಟ್ಯಾಂಕರ್ ಆಗಿರಲಿ, ಟೆಂಡರ್ ಕರೆಯುವಾಗಲೇ ಅದನ್ನು ಬರೆಸಬೇಕು.