ಕಿರ್ದಿ ಬದಲಾದರೆ ಪರದೆಗೆ ತಿಳಿಯುವುದು ಹೇಗೆ?

ರೈಲು ಟಿಕೆಟ್ಟಿಗಾಗಿ ಅಂತರ್ಜಾಲ ತಾಣದ ಮುಂದೆ ಕುಳಿತವರಿಗೆ ಒಮ್ಮೆಯಾದರೂ ಆಗಿರಬಹುದಾದ ಅನುಭವ ಇದು. ಪರದೆಯ ಮೇಲೆ ನಾಲ್ಕು ಬರ್ತ್ ಖಾಲಿ ಎಂದು ತೋರಿಸುತ್ತಿರುತ್ತದೆ. ಪ್ರಯಾಣಿಕರ ಹೆಸರು, ವಯಸ್ಸು ತುಂಬಿ ಹಣ ಕಟ್ಟುವ ಹೊತ್ತಿಗೆ ಟಿಕೆಟ್ ವೇಟಿಂಗ್ ಲಿಸ್ಟಿಗೆ ಹೋಗಿರುತ್ತದೆ. ‘ಈಗ ತಾನೆ ಇತ್ತಲ್ಲ!’ ಎಂದು ಯಂತ್ರವನ್ನು ಶಪಿಸುತ್ತೇವೆ. ಆದರೆ ಯಂತ್ರ ಸುಳ್ಳು ಹೇಳಿರುವುದಿಲ್ಲ. ನಾವು ಕೇಳಿದ ಗಳಿಗೆಯಲ್ಲಿ ಪುಸ್ತಕದಲ್ಲಿ ಏನಿತ್ತೋ ಅದರ ಒಂದು ಪ್ರತಿಯನ್ನು ತೋರಿಸಿರುತ್ತದೆ, ಅಷ್ಟೆ. ಆಮೇಲೆ ಪುಸ್ತಕ ಬದಲಾಗಿದೆ. ಪ್ರತಿ ಹಾಗೆಯೇ ಉಳಿದಿದೆ.

ಇಲ್ಲಿ ಪುಸ್ತಕವೆಂದರೆ ಡೇಟಾಬೇಸ್, ಅಂದರೆ ಮಾಹಿತಿಯನ್ನು ಸಾಲು ಸಾಲಾಗಿ ಕೂಡಿಟ್ಟ ಗಣಕದ ಲೆಕ್ಕದ ಪುಸ್ತಕ. ಅದು ಎಲ್ಲೋ ಒಂದು ಕಡೆ ಇರುತ್ತದೆ. ಅದನ್ನು ನೋಡುವ ಪರದೆಗಳು ಊರೂರಲ್ಲಿ ಇರುತ್ತವೆ. ಪುಸ್ತಕ ಬದಲಾದ ಕ್ಷಣವೇ ಅಷ್ಟೂ ಪರದೆಗಳಿಗೆ ಸುದ್ದಿ ಮುಟ್ಟಿಸುವುದು ಹೇಗೆ? ನೋಡಲು ಸಣ್ಣ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದ ಕಥೆ ಮಾತ್ರ ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕಗಳವರೆಗೂ ಹೋಗುತ್ತದೆ.

ಅಳಿಸುವ ಕಡತ, ಅಳಿಸದ ಕಿರ್ದಿ

ಸರ್ಕಾರಿ ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಯ ಮಡಿಕೆ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಒರೆಸಿದ ಮೇಲೆ ಅಲ್ಲಿ ಮೊದಲು ಏನಿತ್ತು, ಯಾರು ಬದಲಿಸಿದರು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ವ್ಯಾಪಾರಿಗಳು ಇದಕ್ಕೆ ಕಂಡುಕೊಂಡ ಉಪಾಯ ಎರಡು ಪುಸ್ತಕಗಳದ್ದು. ದಿನದ ವ್ಯವಹಾರಗಳನ್ನು ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿ. ಅದರಿಂದ ಯಾರ ಬಾಕಿ ಎಷ್ಟೆಂದು ಹೆಸರುವಾರು ಎತ್ತಿ ಬರೆಯುವುದು ಖಾತೆ. ಕಿರ್ದಿಯಲ್ಲಿ ತಪ್ಪಾದರೆ ಹಳೆಯ ನಮೂದನ್ನು ಅಳಿಸುವಂತಿಲ್ಲ. ಸರಿಪಡಿಸುವ ಇನ್ನೊಂದು ನಮೂದು ಬರೆಯಬೇಕು. ಖಾತೆ ಕಳೆದುಹೋದರೂ ಕಿರ್ದಿ ಇದ್ದರೆ ಅದನ್ನು ಮತ್ತೆ ಕಟ್ಟಬಹುದು.

ಗಣಕದ ಡೇಟಾಬೇಸ್ ಮಾಡುವುದೂ ಇದನ್ನೇ. ಒಂದು ಸಾಲನ್ನು ಬದಲಿಸುವ ಮುನ್ನ, ಏನು ಬದಲಿಸಲಿದ್ದೇನೆ ಎಂಬುದನ್ನು ಅದು ‘ಲಾಗ್’ ಎಂಬ ಪುಸ್ತಕದಲ್ಲಿ ಕ್ರಮವಾಗಿ ಬರೆದುಕೊಳ್ಳುತ್ತದೆ. ನಡುವೆ ವಿದ್ಯುತ್ ಹೋದರೆ, ಮರಳಿ ಬಂದಾಗ ಲಾಗ್ ಓದಿ ಅರ್ಧಕ್ಕೆ ನಿಂತ ಕೆಲಸವನ್ನು ರದ್ದು ಮಾಡುತ್ತದೆ, ಮುಗಿದ ಕೆಲಸವನ್ನು ಉಳಿಸಿಕೊಳ್ಳುತ್ತದೆ. ಈ ಶಾಸ್ತ್ರಕ್ಕೆ ಗಟ್ಟಿ ಬುನಾದಿ ಹಾಕಿದವರಲ್ಲಿ ಅಮೆರಿಕದ ಜಿಮ್ ಗ್ರೇ ಒಬ್ಬರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಮದರಾಸಿನ ಐಐಟಿಯಲ್ಲಿ ಓದಿ ಐಬಿಎಂ ಸಂಸ್ಥೆ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ವಿಧಾನ ಮುಂದೆ ಅನೇಕ ಡೇಟಾಬೇಸ್‌ಗಳಿಗೆ ಮಾದರಿಯಾಯಿತು. ಅಪಘಾತದಿಂದ ಪಾರಾಗಲೆಂದು ಇಟ್ಟ ಈ ಲಾಗ್ ಮುಂದೊಂದು ದಿನ ಸುದ್ದಿ ಸಾರುವ ಡಂಗುರವೂ ಆಯಿತು. ಆ ಮಾತಿಗೆ ಆಮೇಲೆ ಬರೋಣ.

ತಡವಾದ ಸುದ್ದಿಯ ಬೆಲೆ

ದೂರದ ಲೆಕ್ಕ ಬದಲಾದದ್ದನ್ನು ಕೂಡಲೇ ತಿಳಿಸುವ ಯಂತ್ರ ಗಣಕಕ್ಕಿಂತ ಹಳೆಯದು. 1867ರಲ್ಲಿ ಎಡ್ವರ್ಡ್ ಕ್ಯಾಲಹನ್ ಎಂಬಾತ ನ್ಯೂಯಾರ್ಕಿನಲ್ಲಿ ಷೇರು ದರಗಳನ್ನು ತಂತಿಯ ಮೂಲಕ ಪಡೆದು ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುವ ಯಂತ್ರ ರೂಪಿಸಿದ. ಟಿಕ್ ಟಿಕ್ ಸದ್ದಿನಿಂದ ಅದಕ್ಕೆ ‘ಟಿಕ್ಕರ್’ ಎಂಬ ಹೆಸರೇ ಬಂತು. ಅದನ್ನು ಸುಧಾರಿಸಿದವರಲ್ಲಿ ಯುವಕ ಥಾಮಸ್ ಎಡಿಸನ್ ಕೂಡ ಒಬ್ಬ.

1929ರ ಅಕ್ಟೋಬರ್ 24ರಂದು ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಅಂದು ಸುಮಾರು 1 ಕೋಟಿ 29 ಲಕ್ಷ ಷೇರುಗಳು ಕೈ ಬದಲಾಯಿಸಿದವು. ಅಷ್ಟು ವಹಿವಾಟನ್ನು ಅಚ್ಚೊತ್ತಲು ಟಿಕ್ಕರಿನಿಂದ ಆಗಲಿಲ್ಲ. ಪೇಟೆ ಮುಚ್ಚಿ ತಾಸುಗಳು ಕಳೆದು, ಸಂಜೆ 7 ಗಂಟೆ ಮೀರಿದರೂ ಯಂತ್ರಗಳು ಹಗಲಿನ ದರಗಳನ್ನು ಅಚ್ಚೊತ್ತುತ್ತಲೇ ಇದ್ದವು. ದೂರದ ಊರುಗಳಲ್ಲಿ ಕಾಗದದ ಪಟ್ಟಿ ಹಿಡಿದು ನಿಂತವರಿಗೆ ತಾವು ದಿವಾಳಿಯಾಗಿದ್ದೇವೆಯೋ ಇಲ್ಲವೋ ತಿಳಿಯದು. ಈ ಅಜ್ಞಾನವೇ ಭಯವನ್ನು ಹೆಚ್ಚಿಸಿತು. ಏನಾದರಾಗಲಿ, ಮಾರಿಬಿಡೋಣ ಎಂದವರು ಅನೇಕರು. ಸುದ್ದಿ ತಡವಾದರೆ ಮನುಷ್ಯ ತಪ್ಪು ನಿರ್ಧಾರ ಕೈಗೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ರೈಲಿನ ದೊಡ್ಡ ಪುಸ್ತಕ

ನಮ್ಮ ದೇಶದಲ್ಲಿ ಜನಸಾಮಾನ್ಯರು ಮೊದಲು ಕಂಡ ಬೃಹತ್ ಡೇಟಾಬೇಸ್ ರೈಲ್ವೆ ಮುಂಗಡ ಟಿಕೆಟ್ಟಿನದು. ಮೊದಲು ರೈಲಿಗೊಂದು, ದಿನಕ್ಕೊಂದರಂತೆ ಪಟ್ಟಿಗಳಿದ್ದವು. ಯಾವ ಕೌಂಟರಿನಲ್ಲಿ ಯಾವ ರೈಲಿನ ಪುಸ್ತಕವೋ ಅಲ್ಲೇ ಸಾಲು ನಿಲ್ಲಬೇಕಿತ್ತು. 1985-86ರ ವೇಳೆಗೆ ದೆಹಲಿಯಲ್ಲಿ ಗಣಕೀಕೃತ ಕಾಯ್ದಿರಿಸುವಿಕೆ ಆರಂಭವಾಯಿತು. 1999ರ ಹೊತ್ತಿಗೆ ದೆಹಲಿ, ಮುಂಬೈ, ಕಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳು ಒಂದಕ್ಕೊಂದು ಜೋಡಣೆಯಾದವು. 2002ರಲ್ಲಿ ಐಆರ್‌ಸಿಟಿಸಿ ಅಂತರ್ಜಾಲದಲ್ಲೇ ಟಿಕೆಟ್ ಕೊಡತೊಡಗಿತು.

ಒಂದೇ ಬರ್ತನ್ನು ಇಬ್ಬರಿಗೆ ಕೊಡದಂತೆ ನೋಡಿಕೊಳ್ಳುವುದು ಇಂಥ ಪುಸ್ತಕದ ಮೊದಲ ಧರ್ಮ. ಅದಕ್ಕಾಗಿ ಡೇಟಾಬೇಸ್ ಒಬ್ಬರಿಗೆ ಬರೆಯುವ ಹೊತ್ತಿನಲ್ಲಿ ಆ ಸಾಲಿಗೆ ಬೀಗ ಹಾಕಿ, ಕೆಲಸ ಮುಗಿದೊಡನೆ ತೆಗೆಯುತ್ತದೆ. ಹಾಗಾದರೆ ನಾವು ನೋಡುವಾಗಲೂ ಬೀಗ ಹಾಕಬಾರದೆ? ಹಾಕಿದರೆ, ಸುಮ್ಮನೆ ವಿಚಾರಿಸುವ ಸಾವಿರಾರು ಜನ ಸೇರಿ ಟಿಕೆಟ್ ಬೇಕಾದ ಒಬ್ಬನನ್ನು ತಡೆದಂತಾಗುತ್ತದೆ. ಆದ್ದರಿಂದ ನೋಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಅಂತರ ಇದ್ದೇ ಇರುತ್ತದೆ. ಆ ಅಂತರವನ್ನು ಕಿರಿದು ಮಾಡಬಹುದು, ಇಲ್ಲವಾಗಿಸಲು ಬರುವುದಿಲ್ಲ.

ಕೇಳಿದರಷ್ಟೇ ಉತ್ತರ

ಅಂತರ್ಜಾಲದ ಪುಟಗಳಲ್ಲಿ ಈ ಅಂತರ ಹೆಚ್ಚಲು ಇನ್ನೊಂದು ಕಾರಣವಿದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ಬಿನ ಯೋಜನೆ ಮುಂದಿಟ್ಟಾಗ ಅವರ ಗಮನವಿದ್ದದ್ದು ವಿಜ್ಞಾನಿಗಳ ದಾಖಲೆಗಳ ಮೇಲೆ. ಓದುಗ ಪುಟ ಕೇಳುತ್ತಾನೆ. ಆ ಕಡೆಯ ಸರ್ವರ್ ಪುಟ ಕಳುಹಿಸಿ ಅವನನ್ನು ಮರೆತುಬಿಡುತ್ತದೆ. ಮಾತು ಅಲ್ಲಿಗೆ ಮುಗಿಯಿತು. ದಾಖಲೆ ಓದಲು ಇಷ್ಟು ಸಾಕು. ಬದಲಾಗುವ ಲೆಕ್ಕ ನೋಡಲು ಸಾಲದು.

ಇದಕ್ಕೊಂದು ತಮಾಷೆಯ ಉದಾಹರಣೆ ಕೇಂಬ್ರಿಜ್‌ನದು. ಅಲ್ಲಿನ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದವರು ಕಾಫಿ ಪಾತ್ರೆಯ ಬಳಿಗೆ ನಡೆದುಹೋಗಿ ಅದು ಬರಿದಾಗಿರುವುದನ್ನು ಕಂಡು ಬೇಸತ್ತಿದ್ದರು. 1991ರಲ್ಲಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಚಿತ್ರ ತಮ್ಮ ಮೇಜಿನ ಪರದೆಗಳಲ್ಲಿ ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಅದು ವೆಬ್ಬಿಗೂ ಬಂದು ಜಗತ್ತಿನ ಮೂಲೆ ಮೂಲೆಯ ಜನ ಯಾರದೋ ಕಾಫಿಯ ಮಟ್ಟ ನೋಡತೊಡಗಿದರು. 2001ರಲ್ಲಿ ಕ್ಯಾಮೆರಾ ಆರಿಸಲಾಯಿತು. ವೆಬ್ಬಿನಲ್ಲಿ ಆ ಚಿತ್ರ ತಾನಾಗಿ ಬದಲಾಗುತ್ತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದದ್ದು. ಹೊಸ ಚಿತ್ರ ಬೇಕೆಂದರೆ ಹೊಸದಾಗಿ ಕೇಳಬೇಕಿತ್ತು.

ಹೀಗೆ ಮತ್ತೆ ಮತ್ತೆ ಕೇಳುವುದಕ್ಕೆ ತಂತ್ರಜ್ಞರು ‘ಪೋಲಿಂಗ್’ ಎನ್ನುತ್ತಾರೆ. 1 ಲಕ್ಷ ಜನ 5 ಸೆಕೆಂಡಿಗೊಮ್ಮೆ ಕೇಳಿದರೆ ಸೆಕೆಂಡಿಗೆ 20 ಸಾವಿರ ಪ್ರಶ್ನೆ. ಹೆಚ್ಚಿನವಕ್ಕೆ ಉತ್ತರ ‘ಬದಲಾವಣೆ ಇಲ್ಲ’ ಎಂದೇ. ಹೊರೆ ತಗ್ಗಿಸಲು ನಿಮಿಷಕ್ಕೊಮ್ಮೆ ಕೇಳಿದರೆ ಸುದ್ದಿ ಹಳಸುತ್ತದೆ.

1999ರಲ್ಲಿ ಮೈಕ್ರೋಸಾಫ್ಟ್ ತನ್ನ ಬ್ರೌಸರಿನಲ್ಲಿ ತಂದ ಒಂದು ಸೌಲಭ್ಯದಿಂದ, ಇಡೀ ಪುಟವನ್ನು ಮತ್ತೆ ತರಿಸದೆ ಬೇಕಾದ ತುಣುಕನ್ನಷ್ಟೇ ಕೇಳಲು ಸಾಧ್ಯವಾಯಿತು. 2005ರಲ್ಲಿ ಈ ಬಗೆಯ ಕೆಲಸಕ್ಕೆ ‘ಅಜಾಕ್ಸ್’ ಎಂಬ ಹೆಸರು ಬಿತ್ತು. ಆಮೇಲಿನ ಉಪಾಯ ಸರ್ವರ್ ಕೂಡಲೇ ಉತ್ತರಿಸದೆ ಕಾಯಿಸುವುದು. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕುಳಿತವನಿಗೆ ‘ಹೆಸರು ಕರೆದಾಗ ಬನ್ನಿ’ ಎನ್ನುವಂತೆ, ಸುದ್ದಿ ಇದ್ದಾಗಲೇ ಉತ್ತರ. 2011ರ ಡಿಸೆಂಬರಿನಲ್ಲಿ ‘ವೆಬ್‌ಸಾಕೆಟ್’ ಎಂಬ ನಿಯಮಾವಳಿ ಪ್ರಕಟವಾಯಿತು. ಇದು ಎರಡೂ ಕಡೆಯವರು ರಿಸೀವರ್ ಕೆಳಗಿಡದ ದೂರವಾಣಿ ಕರೆಯಂತೆ. ಯಾರು ಯಾವಾಗ ಬೇಕಾದರೂ ಮಾತಾಡಬಹುದು.

ಸರ್ವರಿಗೆ ಹೇಳುವವರಾರು?

ಇಷ್ಟಾದರೂ ಅರ್ಧ ದಾರಿ ಉಳಿಯಿತು. ಪರದೆಗೆ ಸರ್ವರ್ ಹೇಳುತ್ತದೆ, ಸರಿ. ಪುಸ್ತಕ ಬದಲಾಯಿತೆಂದು ಸರ್ವರಿಗೆ ಹೇಳುವವರು ಯಾರು?

‘10 ಗಂಟೆಯ ನಂತರ ಬದಲಾದ ಸಾಲುಗಳನ್ನು ಕೊಡು’ ಎಂದು ಪುಸ್ತಕವನ್ನೇ ಕೇಳುವುದು ಒಂದು ದಾರಿ. ಇದರಲ್ಲಿ ಒಂದು ಕುಂದಿದೆ. ಯಾರಾದರೂ ಒಂದು ಸಾಲನ್ನೇ ಕಿತ್ತುಹಾಕಿದ್ದರೆ, ‘ನಾನು ಹೋದೆ’ ಎಂದು ಹೇಳಲು ಆ ಸಾಲು ಅಲ್ಲಿ ಇರುವುದಿಲ್ಲ. ಎರಡನೆಯದು ‘ಟ್ರಿಗರ್’. ಸಾಲು ಬದಲಾದೊಡನೆ ತಾನಾಗಿ ಬಾರಿಸುವ ಗಂಟೆ ಇದು. ಆದರೆ ಗಂಟೆ ಬಾರಿಸುವ ಕೆಲಸವೂ ಬರೆಯುವವನ ತಲೆಗೇ ಬೀಳುವುದರಿಂದ, ವ್ಯವಹಾರ ಹೆಚ್ಚಿದಂತೆ ಬರವಣಿಗೆ ನಿಧಾನವಾಗುತ್ತದೆ.

ಮೂರನೆಯ ದಾರಿಯಲ್ಲಿ ಹಳೆಯ ಕಿರ್ದಿ ನೆರವಿಗೆ ಬರುತ್ತದೆ. ಪ್ರತಿ ಬದಲಾವಣೆಯೂ, ಅಳಿಸಿದ್ದೂ ಸೇರಿ, ಲಾಗ್‌ನಲ್ಲಿ ಕ್ರಮವಾಗಿ ದಾಖಲಾಗಿರುತ್ತದಲ್ಲ! ಅದನ್ನು ಪಕ್ಕದಲ್ಲಿ ಕುಳಿತು ಓದುತ್ತಾ ಹೋದರೆ ಬರೆಯುವವನಿಗೆ ಹೆಚ್ಚಿನ ತೊಂದರೆಯಿಲ್ಲ. ಹೀಗೆ ಓದಿದ್ದನ್ನು ಹತ್ತಾರು ಕಡೆ ಹಂಚುವ ‘ಕಾಫ್ಕಾ’ ಎಂಬ ತಂತ್ರಾಂಶವನ್ನು ಲಿಂಕ್ಡ್‌ಇನ್ ಸಂಸ್ಥೆ 2011ರಲ್ಲಿ ಎಲ್ಲರಿಗೂ ಮುಕ್ತವಾಗಿಸಿತು. ಲೇಖಕ ಫ್ರಾಂಜ್ ಕಾಫ್ಕಾನ ಹೆಸರೇ ಅದಕ್ಕೆ.

ಇಲ್ಲಿ ಪಾಲಿಸಬೇಕಾದ ನಿಯಮಗಳು ಎರಡು. ವ್ಯವಹಾರ ಖಚಿತವಾಗುವ ಮುನ್ನ ಸುದ್ದಿ ಹೊರಡಬಾರದು. ಅದು ರದ್ದಾದರೆ ಸಾರಿದ್ದು ಸುಳ್ಳಾಗುತ್ತದೆ. ಎರಡನೆಯದು, ಸಂಪರ್ಕ ಕಡಿದುಹೋದ ಪರದೆ ಮರಳಿ ಬಂದಾಗ ತಾನು ಕಡೆಯದಾಗಿ ಕಂಡ ನಮೂದಿನ ಸಂಖ್ಯೆ ಹೇಳಿ ಅಲ್ಲಿಂದ ಮುಂದಿನದನ್ನು ಕೇಳಬೇಕು. ಇಲ್ಲವಾದರೆ ನಡುವಿನ ಸುದ್ದಿ ತಪ್ಪಿಹೋಗಿ, ಹಳೆಯ ಅಂಕಿಯೇ ಹೊಸದರ ವೇಷದಲ್ಲಿ ಕುಳಿತಿರುತ್ತದೆ.

ರೈತನ ಕಡೆಗೆ ತಿರುಗಿದ ಪರದೆ

ಬರ್ತ್ ಕೈತಪ್ಪಿದರೆ ನಾಳಿನ ರೈಲಿದೆ. ಜಮೀನಿನ ಪುಸ್ತಕದ ಮಾತು ಬೇರೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು 2002ರ ಹೊತ್ತಿಗೆ ಗಣಕಕ್ಕೆ ಏರಿಸಲಾಯಿತು. ಅದಕ್ಕೆ ಮೊದಲು ಈ ದಾಖಲೆಗಳು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಪಹಣಿಯ ಒಂದು ಕಾಲಂ ಬದಲಾದದ್ದು ರೈತನಿಗೆ ತಿಳಿಯುತ್ತಿದ್ದುದು ಸಾಲಕ್ಕೆಂದು ಬ್ಯಾಂಕಿಗೆ ಹೋದಾಗಲೋ ನ್ಯಾಯಾಲಯದ ಕರೆ ಬಂದಾಗಲೋ ಆಗಿದ್ದರೆ ಆಶ್ಚರ್ಯವಿಲ್ಲ.

ತಾಲ್ಲೂಕು ಕಚೇರಿಗಳ ಭೂಮಿ ಕೇಂದ್ರದಲ್ಲಿ ಮಾಡಿದ ಒಂದು ಸರಳ ಏರ್ಪಾಡು ನೆನಪಿಡುವಂಥದು. ಗುಮಾಸ್ತರ ಪರದೆಯ ಜೊತೆಗೆ ಇನ್ನೊಂದು ಪರದೆಯನ್ನು ಅರ್ಜಿದಾರರ ಕಡೆಗೆ ತಿರುಗಿಸಿ ಇಡಲಾಯಿತು. ತನ್ನ ವಿಚಾರದಲ್ಲಿ ಏನು ಬರೆಯುತ್ತಿದ್ದಾರೆಂದು ರೈತ ಅಲ್ಲೇ ನೋಡಬಹುದಿತ್ತು. ದಾಖಲೆಗೆ ಕೈಹಾಕುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾರು ಬದಲಿಸಿದರು ಎಂಬುದು ಉಳಿಯುತ್ತಿತ್ತು. ವರ್ಗಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವೂ ಇತ್ತು.

ಖಾತೆ ಬದಲಾವಣೆಗೆ ಮುನ್ನ ನೋಟಿಸು ಕೊಟ್ಟು ತಕರಾರಿಗೆ ಕಾಲಾವಕಾಶ ನೀಡಬೇಕೆಂಬ ವಿಧಿ ಗಣಕಕ್ಕಿಂತ ಹಳೆಯದು. ಅದರ ಹಿಂದಿನ ವಿವೇಕವನ್ನು ಇಂದಿನ ವೇಗದಲ್ಲಿ ಮರೆಯಬಾರದು. ಬದಲಾದ ಮರುಕ್ಷಣ ಮೊಬೈಲಿಗೆ ಸಂದೇಶ ಬಂದರೆ ಒಳ್ಳೆಯದೇ. ಆದರೆ ಅದು ಆಗಿಹೋದದ್ದರ ಸುದ್ದಿ. ಆಗುವ ಮುನ್ನ ತಿಳಿಸಿದರೆ ಮಾತ್ರ ‘ಬೇಡ’ ಎನ್ನುವ ಅವಕಾಶ ಉಳಿಯುತ್ತದೆ. ತಂತಿ ಎಷ್ಟೇ ಚುರುಕಾಗಲಿ, ಪುಸ್ತಕದಲ್ಲಿ ಹೆಸರಿರುವವನಿಗೆ ಎರಡು ಹಕ್ಕು ಇರಬೇಕು: ತನ್ನ ಸಾಲಿಗೆ ಏನಾಗುತ್ತಿದೆ ಎಂದು ನೋಡುವ ಹಕ್ಕು, ತಪ್ಪಾದರೆ ತಡೆಯುವ ಹಕ್ಕು. ಮೊದಲನೆಯದನ್ನು ತಂತ್ರಜ್ಞರು ದೊರಕಿಸಬಲ್ಲರು. ಎರಡನೆಯದನ್ನು ಕಚೇರಿಗಳು, ಕಾನೂನು ಮತ್ತು ಎಚ್ಚರವಿರುವ ಜನ ಕಾಪಾಡಿಕೊಳ್ಳಬೇಕು.