ಹೊಳೆಯ ಸುದ್ದಿ ಹೊಸ್ತಿಲಿಗೆ ಬರಲಿ

ಬರಗಾಲದ ಬವಣೆಯನ್ನೇ ಉಂಡು ಬೆಳೆದ ಗದಗ ಸೀಮೆಗೆ ಮಹಾಪೂರದ ಭಯವೆಲ್ಲಿಯದು ಎಂದು ದೂರದವರು ಕೇಳಬಹುದು. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹೊಳೆಸಾಲಿನ ಊರವರು ಹಾಗೆ ಕೇಳಲಾರರು. ತಲೆಯ ಮೇಲೆ ಮೋಡದ ಸುಳಿವಿಲ್ಲದ ದಿನವೂ ತುಂಗಭದ್ರೆ ಅಲ್ಲಿ ದಡ ಮೀರಬಲ್ಲಳು. ಮಳೆ ಬೀಳುವುದು ಮಲೆನಾಡಿನಲ್ಲಿ. ಬೆಳೆ ಮುಳುಗುವುದು ಇಲ್ಲಿ.

ಕಾರಣ ಗೂಢವಾದುದೇನಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯ ಸುಮಾರು 71 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲುದು, ಗಾಜನೂರಿನ ತುಂಗಾ ಜಲಾಶಯದ ಒಡಲು ಸುಮಾರು 3 ಟಿ.ಎಂ.ಸಿ.ಯದು ಮಾತ್ರ. ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ಸುರಿದ ಮಳೆಯನ್ನೆಲ್ಲ ಅದು ತಡೆಯಲಾರದು, ಕೆಳಕ್ಕೆ ಬಿಡಲೇಬೇಕು. ಗಳಗನಾಥದಲ್ಲಿ ವರದೆಯನ್ನೂ ಕೂಡಿಕೊಂಡು ಆ ನೀರು ಹಮ್ಮಿಗಿಯ ಬ್ಯಾರೇಜಿನತ್ತ ಸಾಗುತ್ತದೆ.

ಆದರೆ ದೂರದಿಂದ ಬರುವ ನೀರು ದಾರಿ ಸವೆಸುವಷ್ಟು ಹೊತ್ತನ್ನು ನಮಗೆ ಕೊಟ್ಟೇ ಬರುತ್ತದೆ. ಆ ಹೊತ್ತನ್ನು ಕೈವಶ ಮಾಡಿಕೊಡುವುದೇ ಹೊಸ ಯಂತ್ರಗಳ ಉಪಕಾರ. ಹೊನ್ನಾಳಿ, ಹರಳಹಳ್ಳಿಗಳಲ್ಲಿ ಕೇಂದ್ರ ಜಲ ಆಯೋಗದವರು ಹೊಳೆಯ ಮಟ್ಟವನ್ನು ಅಳೆಯುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು, ಬಿಸಿಲಿನಿಂದಲೇ ಶಕ್ತಿ ಪಡೆದು, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಒಪ್ಪಿಸುತ್ತವೆ. ಲಕ್ಷ್ಮೇಶ್ವರದ ಎರೆಹೊಲಗಳ ಹಳ್ಳಗಳಿಗೂ ಗದಗ-ಬೆಟಗೇರಿಯ ತಗ್ಗಿನ ಓಣಿಗಳಿಗೂ ಈ ಮಾಪಕವೇ ಆಪ್ತಮಿತ್ರ. ಅಲ್ಲಿಯ ನೀರು ಹೊಳೆಯಂತೆ ದಿನಗಟ್ಟಲೆ ಕಾಯಿಸದೆ, ಅಡ್ಡಮಳೆಯ ಬೆನ್ನಿಗೇ ನುಗ್ಗುತ್ತದೆ.

ಇಷ್ಟಾದರೂ ಕೊನೆಯ ಹೆಜ್ಜೆಯೊಂದು ಉಳಿದೇ ಇದೆ. "ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ಸ್ ಬಿಡಲಾಗಿದೆ" ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರೆಂದು ಓದಿದವರು ಲೆಕ್ಕ ಹಾಕಿ ಹೇಳಿಯಾರು. ಹೊಳೆದಂಡೆಯ ಮುದುಕಿಗೆ ಬೇಕಾದ ಲೆಕ್ಕವೇ ಬೇರೆ: "ನೀರು ನಮ್ಮ ದನದ ಕೊಟ್ಟಿಗಿಗೆ ಬರತೈತೋ ಇಲ್ಲೋ, ತಮ್ಮಾ?"

ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿಲ್ಲ, ಊರಿನಲ್ಲಿಯೇ ಇದೆ. 2009ರಲ್ಲಿ, 2019ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಹಿರಿಯರು ಬಲ್ಲರು. ಗುಡಿಯ ಗೋಡೆಗೆ, ಹೊಳೆಯ ಮೆಟ್ಟಿಲಿಗೆ ಆ ಗುರುತನ್ನು ಬಣ್ಣದಿಂದ ಬರೆದು, ಅಂದು ಹರಿದ ಕ್ಯೂಸೆಕ್ಸನ್ನು ಪಕ್ಕದಲ್ಲಿ ಕಾಣಿಸಿದರೆ, ಅಂಕಿಗೆ ಅರ್ಥ ಬರುತ್ತದೆ. ಯಾವ ಗುರುತಿಗೆ ದನ ಬಿಚ್ಚಬೇಕು, ಯಾವುದಕ್ಕೆ ಕಾಳಿನ ಚೀಲ ಏರಿಸಬೇಕು, ಮೊಬೈಲಿಲ್ಲದ ಮನೆಗೆ ಸುದ್ದಿ ಮುಟ್ಟಿಸುವವರು ಯಾರು ಎಂಬುದನ್ನು ಬೇಸಿಗೆಯಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಹಿಂದೆ ಡಂಗುರ ಮಾಡುತ್ತಿದ್ದ ಕೆಲಸವನ್ನು ಗುಡಿಯ ಧ್ವನಿವರ್ಧಕ ಮಾಡಲಿ.

ಯಂತ್ರ ಎಚ್ಚರವಾಗಿದ್ದು ಊರು ಮಲಗಿದ್ದರೆ ಫಲವೇನು?