ಹುಲ್ಲಿನ ಮಷೀನಿನ ಪುಟ್ಟ ಗುಳ್ಳೆ

ಕಥೆ, ಕವಿತೆಗಳ ನಡುವೆ ಇದೇನಪ್ಪಾ ಮೆಕ್ಯಾನಿಕ್ ಕೆಲಸ ಎನ್ನಬೇಡಿ. ಮೂಡಿಗೆರೆಯ ತೋಟದಲ್ಲಿದ್ದು ಬರೆದ ಪೂರ್ಣಚಂದ್ರ ತೇಜಸ್ವಿ (1938-2007) ಯಂತ್ರಗಳನ್ನು ತಾವೇ ಬಿಚ್ಚಿ ನೋಡುವುದರಲ್ಲಿ ಸುಖ ಕಂಡವರು. ಅವರನ್ನು ಓದಿ ಬೆಳೆದ ನಮ್ಮ ಕೈಗೂ ಸ್ವಲ್ಪ ಎಣ್ಣೆ ಅಂಟಿದರೆ ತಪ್ಪಿಲ್ಲ.

ಮಲೇಷ್ಯಾದಲ್ಲಿ ವರ್ಷವಿಡೀ ಮಳೆ, ವರ್ಷವಿಡೀ ಹುಲ್ಲು. ಇಲ್ಲಿಯವರು 'ಮೆಸಿನ್ ರುಂಪುಟ್' ಎನ್ನುವ, ನಮ್ಮ ಮಲೆನಾಡಿನವರು ವೀಡ್ ಕಟರ್ ಎನ್ನುವ ಪೆಟ್ರೋಲ್ ಯಂತ್ರ ಸ್ಟಾರ್ಟ್ ಆಗದಿದ್ದರೆ, ಗುಜರಿಗೆ ಹಾಕುವ ಮುನ್ನ ಕಾರ್ಬ್ಯುರೇಟರ್ ಬಳಿ ಇರುವ, ಬೆರಳಲ್ಲಿ ಒತ್ತುವ ಗುಳ್ಳೆಯನ್ನು ನೋಡಿ. ಅದೇ ಪ್ರೈಮರ್ ಬಲ್ಬ್.

ಈ ಗುಳ್ಳೆ ಎಂಜಿನ್ನಿಗೆ ಪೆಟ್ರೋಲ್ ತಳ್ಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಕೈಯಲ್ಲಿ ಹಿಡಿಯುವ ಬಹುತೇಕ ಯಂತ್ರಗಳಲ್ಲಿ ಅದರ ಕೆಲಸ ಎಳೆಯುವುದು. ಒತ್ತಿದಾಗ ಒಳಗಿನ ಗಾಳಿ ಟ್ಯಾಂಕಿಗೆ ಹಿಂದಿರುಗುತ್ತದೆ. ಬಿಟ್ಟಾಗ ಗುಳ್ಳೆ ಉಬ್ಬಿ, ಕಾರ್ಬ್ಯುರೇಟರ್ ಮೂಲಕ ಹೊಸ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಪೆಟ್ರೋಲ್ ಬದಲು ಗಾಳಿ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಬಿಸಿ ಸೈಲೆನ್ಸರ್ ಹತ್ತಿರ ಪೆಟ್ರೋಲ್ ಸೋರುವುದು.

ಗುಳ್ಳೆ ಹಳದಿಯಾಗಿ, ಗಡುಸಾಗಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಮೆತ್ತಗಿದ್ದೂ ಒತ್ತಿದ ಮೇಲೆ ಮೇಲೇಳದಿದ್ದರೆ ದೋಷ ಅದರದ್ದಲ್ಲ. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರಬಹುದು, ಪೈಪ್ ಮಡಚಿರಬಹುದು.

ಬದಲಿಸುವ ಕ್ರಮ ಹೀಗೆ:

1. ಎಂಜಿನ್ ಪೂರ್ತಿ ತಣಿಯಲಿ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆಯಿರಿ. ಬಯಲಿನಲ್ಲಿ, ಬೆಂಕಿಯಿಂದ ದೂರ ಕುಳಿತು ಟ್ಯಾಂಕ್ ಖಾಲಿ ಮಾಡಿ.

2. ಗುಳ್ಳೆಯನ್ನು ಹಿಡಿದಿರುವ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ. ಕೆಲವು ಮಾದರಿಗಳಲ್ಲಿ ಗುಳ್ಳೆಗೇ ಎರಡು ಪೈಪ್ ಇರುತ್ತವೆ; ಯಾವುದು ಎಲ್ಲಿಗೆ ಎಂದು ಮೊದಲೇ ಗುರುತು ಹಾಕಿ. ಅದಲುಬದಲಾದರೆ ಪೆಟ್ರೋಲ್ ಏರುವುದಿಲ್ಲ.

3. ಹಳೆಯ ಗುಳ್ಳೆಯನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ತಳ್ಳುಗಾಡಿಯಂಥ ಕೆಲವು ಹುಲ್ಲಿನ ಯಂತ್ರಗಳ ಗುಳ್ಳೆ ಬರೀ ಗಾಳಿ ತಳ್ಳುವಂಥದ್ದು. ಅದು ಇಲ್ಲಿಗೆ ಆಗದು.

4. ಕೂರುವ ಜಾಗವನ್ನೂ ಕೆಳಗಿನ ಪುಟ್ಟ ರಬ್ಬರ್ ವಾಲ್ವನ್ನೂ ಒರೆಸಿ, ಹೊಸದನ್ನು ಸಮನಾಗಿ ಕೂರಿಸಿ. ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

5. ಪೆಟ್ರೋಲ್ ಹಾಕಿ, ಗುಳ್ಳೆ ತುಂಬುವವರೆಗೆ ಒತ್ತಿ. ಎಲ್ಲೂ ಜಿನುಗುತ್ತಿಲ್ಲ ಎಂದು ಖಚಿತವಾದ ಮೇಲಷ್ಟೇ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ.

ಬಿಸಿಲು, ಶಾಖ, ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲ್: ಗುಳ್ಳೆಯ ಆಯಸ್ಸು ಕಡಿಮೆ ಮಾಡುವುದು ಇವೇ. ರಜೆಗೆ ಊರಿಗೆ ಹೋದಾಗ ತೋಟದ ಮನೆಯ ವೀಡ್ ಕಟರನ್ನೂ ಒಮ್ಮೆ ನೋಡಿ. ಭಾರತದ ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥೆನಾಲ್ ಇದೆ. ಅದು ತೇವ ಹೀರುತ್ತದೆ, ಅದಕ್ಕೆ ಒಗ್ಗದ ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಮೂಲೆಗಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಲು ಮನೆಯವರಿಗೆ ಹೇಳಿ ಬನ್ನಿ. ಚಿಕ್ಕಾಸಿನ ರಬ್ಬರಿಗಾಗಿ ಗಟ್ಟಿಮುಟ್ಟಾದ ಎಂಜಿನ್ ಗುಜರಿ ಸೇರಬಾರದು.